ಕಾರ್ಡಿನ ಮುಖ, ಕಾರ್ಡಿನ ಬೆನ್ನು

ಕವನಸಂಕಲನ, ಕಾದಂಬರಿ, ನಾಟಕಗಳ ಗುಣದೋಷ ವಿವೇಚನೆಗೆ ಮೀಸಲಾದ ಈ ಪುಟದಲ್ಲಿ ಕ್ರಿಸ್‌ಮಸ್ ಶುಭಾಶಯದ ಕಾರ್ಡನ್ನು ವಿಮರ್ಶೆಗೆ ಎತ್ತಿಕೊಂಡರೆ ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಿಯಾರು. ಅಂಗೈಯಗಲದ ಕಾಗದ, ಅದರ ಮೇಲೊಂದು ಬಣ್ಣದ ಚಿತ್ರ, ಒಳಗೆ ಎರಡು ಸಾಲು ಹಾರೈಕೆ. ಇದರಲ್ಲಿ ವಿಮರ್ಶಿಸುವುದಕ್ಕೆ ಏನಿದೆ? ಇದೆ ಎಂದೇ ನನ್ನ ನಂಬಿಕೆ. ಒಂದು ಕಾದಂಬರಿಯನ್ನು ಕೊಂಡು ಓದಿದವರಿಗಿಂತ ಎಷ್ಟೋ ಪಾಲು ಹೆಚ್ಚು ಜನರ ಕೈಯಲ್ಲಿ ಈ ಕಾಗದ ಹಾದುಹೋಗಿದೆ. ಎಷ್ಟೋ ಮನೆಗಳ ಷೋಕೇಸಿನ ಗಾಜಿನ ಹಿಂದೆ ವರ್ಷಗಟ್ಟಲೆ ನಿಂತಿದೆ. ಚಿತ್ರಶಾಲೆಯ ಮೆಟ್ಟಿಲು ಹತ್ತದ ಸಂಸಾರಗಳಲ್ಲಿ ಚಿತ್ರದ ಅಭಿರುಚಿಯನ್ನು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ರೂಪಿಸಿದ್ದು ಗೋಡೆಯ ಕ್ಯಾಲೆಂಡರು ಮತ್ತು ಅಂಚೆಯಲ್ಲಿ ಬಂದ ಕಾರ್ಡು. ಇಷ್ಟು ಪ್ರಭಾವವುಳ್ಳ ವಸ್ತುವನ್ನು ವಿಮರ್ಶೆ ಕಡೆಗಣಿಸುವುದು ಸರಿಯಲ್ಲ.

ಅದರಲ್ಲೂ ಧರ್ಮಕಾರ್ಯದ ಸಹಾಯಾರ್ಥ ಮಾರುವ ಕಾರ್ಡಿನದು ಒಂದು ವಿಶೇಷ ಜಾತಿ. ಅದಕ್ಕೆ ಮುಖ ಒಂದು, ಬೆನ್ನು ಒಂದು. ಮುಖದ ಮೇಲೆ ಚಿತ್ರವಿರುತ್ತದೆ. ಬೆನ್ನಿನ ಮೇಲೆ, ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಒಂದು ವಾಗ್ದಾನವಿರುತ್ತದೆ: ಈ ಕಾರ್ಡಿನ ಹಣದಲ್ಲಿ ಇಷ್ಟು ಪಾಲು ಇಂಥವರಿಗೆ ಸೇರುತ್ತದೆ ಎಂದು. ಕೊಳ್ಳುವವರು ಮುಖ ನೋಡಿ ಕೊಳ್ಳುತ್ತಾರೆ. ಬೆನ್ನು ನೋಡಿ ಸಮಾಧಾನ ಪಡುತ್ತಾರೆ. ಇವೆರಡಕ್ಕೂ ಏನಾದರೂ ಸಂಬಂಧವಿದೆಯೆ ಎಂದು ಕೇಳುವವರು ವಿರಳ. ನಾನು ಕೇಳಬೇಕೆಂದಿರುವುದು ಅದನ್ನೇ. ಕಾಶ್ಮೀರದ ಕ್ಷೇಮೇಂದ್ರ ೧೧ನೆಯ ಶತಮಾನದಲ್ಲಿ ಔಚಿತ್ಯವೇ ಕಾವ್ಯದ ಜೀವವೆಂದು ವಾದಿಸಿದ. ಯಾವುದಕ್ಕೆ ಯಾವುದು ತಕ್ಕುದೋ ಅದು ಅಲ್ಲಿರಬೇಕೆಂಬುದು ಆತನ ವಾದದ ಸಾರ. ಕಾರ್ಡಿಗೆ ಇದಕ್ಕಿಂತ ಬೇರೆ ಅಳತೆಗೋಲು ಬೇಡ. ಮುಖ ಮತ್ತು ಬೆನ್ನು ಒಂದಕ್ಕೊಂದು ತಕ್ಕುದಾಗಿದ್ದರೆ ಕಾರ್ಡು ಗೆದ್ದಿತು. ಮುಖವೊಂದು ಕಡೆ ಬೆನ್ನೊಂದು ಕಡೆಯಾದರೆ ಸೋತಿತು.

ನನ್ನ ಕಣ್ಣಮುಂದಿರುವವು ತೋಟಗಾರರ ಮತ್ತು ತೋಟಗಾರಿಕೆಯ ಸಂಸ್ಥೆಗಳ ನೆರವಿಗೆಂದು ಇಂಗ್ಲೆಂಡಿನಲ್ಲಿ ಮಾರುವ ಕ್ರಿಸ್‌ಮಸ್ ಕಾರ್ಡುಗಳು. ಅಲ್ಲಿ ನೆಲೆಸಿರುವ ಬಂಧುಗಳೊಬ್ಬರು ಕೆಲವು ವರ್ಷಗಳಿಂದ ತುಮಕೂರಿನ ನಮ್ಮ ಮನೆಗೆ ಇಂಥವನ್ನೇ ಆರಿಸಿ ಕಳುಹಿಸುತ್ತಿದ್ದಾರೆ. ‘ತೋಟದ ಸೀಮೆಯವರು ನೀವು, ನಿಮಗೆ ಇದೇ ಸರಿ’ ಎಂಬುದು ಅವರ ವಿನೋದ. ಆ ವಿನೋದದಲ್ಲಿ ಅವರಿಗೆ ತೋರಿದ್ದಕ್ಕಿಂತ ಹೆಚ್ಚು ಅರ್ಥವಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಈ ವಸ್ತುವಿನ ಹುಟ್ಟನ್ನು ನೋಡೋಣ.

ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡು ೧೮೪೩ರದು. ಮಾಡಿಸಿದವನು ಹೆನ್ರಿ ಕೋಲ್. ಚಿತ್ರ ಬರೆದವನು ಜಾನ್ ಕ್ಯಾಲ್‌ಕಾಟ್ ಹಾರ್ಸ್‌ಲಿ. ಅದಕ್ಕೆ ಮೂರು ವರ್ಷ ಹಿಂದೆ, ೧೮೪೦ರಲ್ಲಿ, ಬ್ರಿಟನ್ನಿನಲ್ಲಿ ಪೆನ್ನಿ ಅಂಚೆ ಬಂದಿತ್ತು. ಆ ಏರ್ಪಾಡಿನಲ್ಲಿ ಕೈಜೋಡಿಸಿದ್ದ ಕೋಲನಿಗೆ, ಹಬ್ಬದಲ್ಲಿ ಬರುವ ಕಾಗದಗಳಿಗೆಲ್ಲ ಒಂದೊಂದಾಗಿ ಉತ್ತರ ಬರೆಯುವ ಕಷ್ಟ ತಪ್ಪಿಸಿಕೊಳ್ಳಬೇಕಾಗಿತ್ತು. ಸುಮಾರು ಸಾವಿರ ಪ್ರತಿ ಅಚ್ಚಾಯಿತು. ಕೈಯಿಂದ ಬಣ್ಣ ತುಂಬಿದ್ದಾಯಿತು. ಬೆಲೆ ಒಂದು ಷಿಲಿಂಗ್. ಕೂಲಿ ಮಾಡುವವನಿಗೆ ಎಟುಕುವ ಬೆಲೆಯಲ್ಲ.

ಆ ಚಿತ್ರ ಇಂದಿಗೂ ನೋಡತಕ್ಕದ್ದು. ಬಳ್ಳಿ ಹಬ್ಬಿಸಿದ ಹಂದರದಂಥ ಚೌಕಟ್ಟು; ಅದರೊಳಗೆ ಮೂರು ಅಂಕಣ. ನಡುವಿನ ದೊಡ್ಡ ಅಂಕಣದಲ್ಲಿ ಅಜ್ಜ ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಒಂದು ತುಂಬಿದ ಸಂಸಾರ ಮೇಜಿನ ಸುತ್ತ ಕುಳಿತು ನಮ್ಮತ್ತ ನೋಡುತ್ತ ಬಟ್ಟಲೆತ್ತಿ ಹಾರೈಸುತ್ತಿದೆ. ಎಡಗಡೆಯ ಕಿರಿದಾದ ಅಂಕಣದಲ್ಲಿ ಹಸಿದವರಿಗೆ ಅನ್ನ ನೀಡುವ ದೃಶ್ಯ. ಬಲಗಡೆ, ಬಟ್ಟೆಯಿಲ್ಲದವರಿಗೆ ಹೊದಿಸುವ ದೃಶ್ಯ. ಮಗುವೊಂದರ ಬಾಯಿಗೆ ದ್ರಾಕ್ಷಾರಸದ ಬಟ್ಟಲು ಹಿಡಿದದ್ದನ್ನು ಕಂಡು ಪಾನನಿರೋಧದವರು ಆಗ ಕೆರಳಿದರು. ನನ್ನ ಆಕ್ಷೇಪಣೆ ಬೇರೆ. ನಡುವಿನ ಸಂಸಾರದಲ್ಲಿ ಒಬ್ಬರಾದರೂ ಅಕ್ಕಪಕ್ಕದ ಅಂಕಣಗಳತ್ತ ಕಣ್ಣು ತಿರುಗಿಸಿಲ್ಲ. ಹಬ್ಬ ನಡುವೆ, ಧರ್ಮ ಅಂಚಿನಲ್ಲಿ. ಆದರೂ ಹಾರ್ಸ್‌ಲಿಗೆ ಒಂದು ಮೆಚ್ಚಿಕೆ ಸಲ್ಲಬೇಕು: ಅವನು ದೀನರನ್ನು ಅಂಚಿಗೆ ತಳ್ಳಿದರೂ ಮುಖದ ಮೇಲೆಯೇ ಇಟ್ಟ. ಅವನ ಅನಂತರ ಬಂದವರು ಅವರನ್ನು ಬೆನ್ನಿಗೆ ಸಾಗಿಸಿಬಿಟ್ಟರು.

ಅದೇ ೧೮೪೩ರ ಡಿಸೆಂಬರಿನಲ್ಲಿ ಚಾರ್ಲ್ಸ್ ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರಲ್’ ಪ್ರಕಟವಾಯಿತು. ಹಬ್ಬವೆಂದರೆ ದಾನವೆಂಬ ಭಾವನೆಯನ್ನು ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ಆಳವಾಗಿ ಬೇರೂರಿಸಿದ ಕಥೆ ಅದು. ಅದರ ಜಿಪುಣ ಸ್ಕ್ರೂಜನ ಹೆಸರು ಗಾದೆಯಂತಾಗಿ ಉಳಿದಿದೆ. ಅದೇ ಡಿಕನ್ಸ್ ೧೮೫೨ರ ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ತೋಟಗಾರರ ಸಹಾಯಸಂಸ್ಥೆಯ ವಾರ್ಷಿಕ ಔತಣದ ಅಧ್ಯಕ್ಷಪೀಠದಲ್ಲಿ ಕುಳಿತು, ಊರಿಗೆಲ್ಲ ಹೂವು ಹಣ್ಣು ಕೊಡುವ ತೋಟಗಾರನ ಜೇಬು ಬರಿದಾಗಿರುವುದನ್ನು ಕುರಿತು ಮಾತನಾಡಿದ. ಆ ದಿನ ಮೇಜುಗಳ ತುಂಬ ಹೂವಿನ ಅಲಂಕಾರವಿತ್ತಂತೆ. ಹೂವು ಎದುರಿಗಿತ್ತು, ಅದನ್ನು ಬೆಳೆಸಿದವನ ಮುಪ್ಪಿನ ಮಾತು ಭಾಷಣದಲ್ಲಿತ್ತು. ಮುಖ ಬೆನ್ನುಗಳೆರಡೂ ಒಂದೇ ಕೋಣೆಯಲ್ಲಿದ್ದವು ಎನ್ನಬಹುದು.

ಆ ಸಂಸ್ಥೆ ಹುಟ್ಟಿದ್ದು ೧೮೩೯ರಲ್ಲಿ, ಮುದಿತನದಲ್ಲಿ ನಿರ್ಗತಿಕರಾದ ತೋಟಗಾರರಿಗೂ ಅವರ ವಿಧವೆಯರಿಗೂ ನೆರವಾಗಲೆಂದು. ಏಕೆ ತೋಟಗಾರರಿಗೇ ಒಂದು ಪ್ರತ್ಯೇಕ ಸಂಸ್ಥೆ? ಶ್ರೀಮಂತರ ತೋಟಗಳಲ್ಲಿ ದುಡಿಯುವವನಿಗೆ ಕೆಲಸದೊಡನೆ ವಾಸಕ್ಕೊಂದು ಮನೆ ಸಿಗುತ್ತಿತ್ತು. ಬೆನ್ನು ಬಾಗಿ ಕೆಲಸ ಬಿಟ್ಟ ದಿನ ಮನೆಯೂ ಬಿಡಬೇಕು. ನಲವತ್ತು ವರ್ಷ ನೀರೆರೆದು ಬೆಳೆಸಿದ ಗಿಡದ ನೆರಳಿನಲ್ಲಿ ಕೂರುವ ಹಕ್ಕೂ ಅವನಿಗಿಲ್ಲ. ಆ ಸಂಸ್ಥೆ ಈಗಲೂ ಇದೆ; ಹೆಸರು ಬದಲಾಗಿ ‘ಪೆರೆನಿಯಲ್’ ಎಂದಾಗಿದೆ. ಒಮ್ಮೆ ನೆಟ್ಟರೆ ವರ್ಷವರ್ಷವೂ ಚಿಗುರುವ ಗಿಡಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ಅದು. ಕ್ರಿಸ್‌ಮಸ್ ಕಾರ್ಡುಗಳನ್ನು ಮಾರಿ ಹಣ ಕೂಡಿಸುವುದು ಅದರ ಮಾರ್ಗಗಳಲ್ಲೊಂದು.

ಇಲ್ಲಿ ನಮ್ಮ ಸೀಮೆಯ ಒಂದು ಸಂಗತಿ ನೆನಪಾಗುತ್ತದೆ. ಅದೇ ೧೮೩೯ರಲ್ಲಿ ವೆಸ್ಲಿಯನ್ ಮಿಷನ್ನಿನ ಪಾದ್ರಿ ವಿಲಿಯಂ ಆರ್ಥರ್ ಗುಬ್ಬಿಗೆ ಬಂದ. ಆರೋಗ್ಯ ಕೆಟ್ಟು ೧೮೪೧ರಲ್ಲಿ ಹಿಂದಿರುಗಿ, ಮೈಸೂರು ಸೀಮೆಯ ಅನುಭವಗಳನ್ನು ೧೮೪೭ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಎಂದರೆ, ಲಂಡನ್ನಿನಲ್ಲಿ ಮೊದಲ ಕ್ರಿಸ್‌ಮಸ್ ಕಾರ್ಡು ಅಚ್ಚಾಗುವುದಕ್ಕೆ ಮೊದಲೇ ಗುಬ್ಬಿಯಲ್ಲಿ ಕ್ರಿಸ್‌ಮಸ್ ಹಬ್ಬ ನಡೆದಿತ್ತು. ಹಬ್ಬಕ್ಕೆ ಕಾರ್ಡು ಅನಿವಾರ್ಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅನಿವಾರ್ಯವಲ್ಲದ ವಸ್ತು ತನ್ನ ಇರವನ್ನು ತಾನೇ ಸಮರ್ಥಿಸಿಕೊಳ್ಳಬೇಕು.

ಈಗ ಮೇಜಿನ ಮೇಲಿನ ಕಾರ್ಡುಗಳಿಗೆ ಬರೋಣ. ತೋಟಕ್ಕೆ ಸಂಬಂಧಿಸಿದ ಕ್ರಿಸ್‌ಮಸ್ ಕಾರ್ಡುಗಳಲ್ಲಿ ಮತ್ತೆ ಮತ್ತೆ ಬರುವ ಚಿತ್ರವೊಂದುಂಟು. ಹಿಮ ಬಿದ್ದ ಮಡಿ. ನೆಲಕ್ಕೆ ನಾಟಿ ನಿಲ್ಲಿಸಿದ ಸಲಿಕೆ. ಸಲಿಕೆಯ ಹಿಡಿಯ ಮೇಲೆ ಕೆಂಪೆದೆಯ ರಾಬಿನ್ ಹಕ್ಕಿ. ಆ ಹಕ್ಕಿಗೆ ಕಾರ್ಡಿನೊಡನೆ ಹಳೆಯ ನಂಟು. ವಿಕ್ಟೋರಿಯಾ ರಾಣಿಯ ಕಾಲದ ಅಂಚೆಯವರು ಕೆಂಪು ಅಂಗಿ ತೊಡುತ್ತಿದ್ದುದರಿಂದ ಜನ ಅವರನ್ನು ರಾಬಿನ್ನುಗಳೆಂದೇ ಕರೆಯುತ್ತಿದ್ದರು. ಚಿತ್ರಗಾರರು ಕಾರ್ಡು ತರುವವನಿಗೆ ಬದಲಾಗಿ ಹಕ್ಕಿಯನ್ನು ಬರೆದರು. ಚಿತ್ರ ಸೊಗಸಾಗಿದೆ, ಬಿಳಿಯ ನಡುವೆ ಕೆಂಪು ಎದ್ದುಕಾಣುತ್ತದೆ, ಹಕ್ಕಿಯ ಕಣ್ಣಿನಲ್ಲಿ ಜೀವವಿದೆ. ಇಷ್ಟೆಲ್ಲ ಒಪ್ಪಿಕೊಂಡು ಕೇಳುತ್ತೇನೆ: ಸಲಿಕೆ ಹಿಡಿದಿದ್ದವನೆಲ್ಲಿ? ತೋಟಗಾರ ನೆಲ ಅಗೆದಾಗ ಮೇಲೆ ಬರುವ ಹುಳುವಿಗಾಗಿ ರಾಬಿನ್ ಅವನ ಹಿಂದೆಯೇ ಸುಳಿಯುತ್ತದೆ. ಹಕ್ಕಿ ಅಲ್ಲಿ ಕುಳಿತಿರುವುದೇ ಅವನು ಅಗೆದದ್ದರಿಂದ. ಕೈಯಿರಬೇಕಾದ ಜಾಗದಲ್ಲಿ ಹಕ್ಕಿ ಕುಳಿತಿದೆ. ಕೈಯ ವಿಷಯ ಬೆನ್ನಿನ ಮೇಲಿನ ಸಣ್ಣ ಅಕ್ಷರಕ್ಕೆ ಹೋಗಿದೆ. ಅಂಚೆಯವನನ್ನು ಮರೆಸಿದ ಹಕ್ಕಿಯೇ ತೋಟಗಾರನನ್ನೂ ಮರೆಸಿದೆ.

ಬೆನ್ನಿನ ವಾಗ್ದಾನದ ಕಥೆ ಇನ್ನೂ ಬೇರೆ. ಧರ್ಮಸಂಸ್ಥೆಗಳೇ ನೇರವಾಗಿ ಮಾರುವ ಕಾರ್ಡುಗಳ ಮಾತು ಹಾಗಿರಲಿ. ಬ್ರಿಟನ್ನಿನ ದೊಡ್ಡ ಅಂಗಡಿಗಳು ಸಂಸ್ಥೆಗಳ ಹೆಸರು ಹಾಕಿ ಮಾರಿದ ಕಾರ್ಡುಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ ಪಾಲು ಸಂಸ್ಥೆಗೆ ಸೇರಿದ್ದೂ ಉಂಟು. ತೀರ ಕಡಿಮೆ ಕೊಟ್ಟವರಿಗೆ ಅಲ್ಲಿನ ಚಾರಿಟೀಸ್ ಅಡ್ವೈಸರಿ ಟ್ರಸ್ಟ್ ಎಂಬ ಸಂಸ್ಥೆ ‘ಸ್ಕ್ರೂಜ್ ಪ್ರಶಸ್ತಿ’ ಎಂಬ ಅಣಕದ ಬಿರುದು ಕೊಟ್ಟು ಪತ್ರಿಕೆಗಳಲ್ಲಿ ನಗೆಗೀಡುಮಾಡಿತು. ಡಿಕನ್ಸನ ಪಾತ್ರ ಮತ್ತೆ ಕೆಲಸಕ್ಕೆ ಬಂತು.

ಷಿಲಿಂಗಿನ ಲೆಕ್ಕವನ್ನೇ ಇನ್ನೊಂದು ಬಗೆಯಲ್ಲಿ ನೋಡಬಹುದು. ೧೯೨೭ರಲ್ಲಿ ಇಂಗ್ಲೆಂಡಿನಲ್ಲಿ ನ್ಯಾಷನಲ್ ಗಾರ್ಡನ್ ಸ್ಕೀಮ್ ಎಂಬ ಏರ್ಪಾಡು ಆರಂಭವಾಯಿತು. ಖಾಸಗಿ ತೋಟಗಳನ್ನು ಜನರಿಗೆ ತೆರೆದು, ತಲೆಗೊಂದು ಷಿಲಿಂಗ್ ಪಡೆದು, ಮನೆಮನೆಗೆ ಹೋಗಿ ರೋಗಿಗಳ ಶುಶ್ರೂಷೆ ಮಾಡುವ ದಾದಿಯರಿಗೆ ನೆರವಾಗುವುದು ಅದರ ಉದ್ದೇಶ. ಮೊದಲ ವರ್ಷವೇ ೬೦೯ ತೋಟಗಳು ತೆರೆದವು. ೮೧೯೧ ಪೌಂಡು ಕೂಡಿತು. ೧೮೪೩ರ ಷಿಲಿಂಗಿಗೆ ತೋಟದ ಬಳ್ಳಿಯ ಚೌಕಟ್ಟು ಮಾತ್ರ ಸಿಕ್ಕಿತ್ತು. ೧೯೨೭ರ ಷಿಲಿಂಗಿಗೆ ತೋಟವೇ ಸಿಕ್ಕಿತು, ಹಣವೂ ಸೇರಬೇಕಾದಲ್ಲಿ ಸೇರಿತು.

ಹಾಗಾದರೆ ಕಾರ್ಡಿಗೆ ಗೆಲ್ಲುವ ದಾರಿಯೇ ಇಲ್ಲವೆ? ಇದೆ. ಯುನಿಸೆಫಿನ ಮೊದಲ ಕಾರ್ಡು ೧೯೪೯ರದು. ಯುದ್ಧದಿಂದ ಜರ್ಝರಿತವಾದ ಚೆಕೊಸ್ಲೊವಾಕಿಯದಲ್ಲಿ ಯುನಿಸೆಫಿನ ನೆರವು ಪಡೆದ ಹಳ್ಳಿಯ ಮಗು, ಏಳು ವರ್ಷದ ಯಿಟ್ಕಾ ಸಾಮ್ಕೊವಾ, ಕೃತಜ್ಞತೆಯಿಂದ ಒಂದು ಚಿತ್ರ ಬರೆಯಿತು. ಕಾಗದ ಸಿಗದ ಕಾಲ. ಮಗು ಗಾಜಿನ ಮೇಲೆ ಬರೆಯಿತು. ಸಿಂಗರಿಸಿದ ಕಂಬದ ಸುತ್ತ ಕುಣಿಯುವ ಮಕ್ಕಳ ಚಿತ್ರ ಅದು. ರೇಖೆಗಳು ಒರಟು, ಆಕೃತಿಗಳು ಮಗುವಿನ ಕೈಯವು. ಆದರೂ ಹಾರ್ಸ್‌ಲಿಯ ನುರಿತ ಕೈ ಸಾಧಿಸಲಾರದ್ದನ್ನು ಅದು ಸಾಧಿಸಿತು. ನೆರವು ಯಾರಿಗೋ ಅವರೇ ಮುಖದ ಮೇಲಿದ್ದಾರೆ, ಅವರೇ ಬರೆದಿದ್ದಾರೆ. ಮುಖ ಬೆನ್ನುಗಳ ನಡುವೆ ಕಾಗದದಷ್ಟೂ ಅಂತರವಿಲ್ಲ.

ನಮ್ಮ ದೇಶದ ಉದಾಹರಣೆಯೂ ಉಂಟು. ೧೯೭೯ರಲ್ಲಿ ಮುಂಬಯಿಯಲ್ಲಿ ವಿಮಾನಸಂಸ್ಥೆಯ ಉದ್ಯೋಗಿ ರಿಪ್ಪನ್ ಕಪೂರ್ ಮತ್ತು ಆರು ಮಂದಿ ಗೆಳೆಯರು ೫೦ ರೂಪಾಯಿ ಮೂಲಧನದಲ್ಲಿ, ಊಟದ ಮೇಜಿನ ಮೇಲೆ, ಮಕ್ಕಳ ಹಕ್ಕುಗಳಿಗಾಗಿ ‘ಕ್ರೈ’ ಸಂಸ್ಥೆಯನ್ನು ಕಟ್ಟಿದರು. ಅದು ಮಾರಿದ ಶುಭಾಶಯದ ಕಾರ್ಡುಗಳು ೧೯೮೦ರ, ೧೯೯೦ರ ದಶಕಗಳಲ್ಲಿ ನಗರದ ಮಧ್ಯಮವರ್ಗದ ಮನೆಗಳಿಗೆ ಬಂದು, ಆ ಮನೆಗಳಲ್ಲಿ ಬಹಳ ಕಾಲ ಉಳಿದವು. ಕಾರ್ಡು ಕೈಗೆ ಬಂದವರು ಸಂಸ್ಥೆಯ ಹೆಸರನ್ನು ಮರೆಯಲಿಲ್ಲ. ಇದು ಸಣ್ಣ ಸಾಧನೆಯಲ್ಲ.

ಗುಬ್ಬಿಯ ಕಡೆ ತೋಟವಿರುವ ಹಿರಿಯ ಸ್ನೇಹಿತರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ಕಾರ್ಡನ್ನು ತಿರುವಿ ನೋಡಿ, ‘ಅಲ್ಲ ಸ್ವಾಮಿ, ನೂರು ರೂಪಾಯಿ ಕೊಡಬೇಕು ಅಂತ ಮನಸ್ಸಿದ್ದರೆ ನೂರನ್ನೂ ಕೊಟ್ಟುಬಿಡಿ. ಹತ್ತು ಧರ್ಮಕ್ಕೆ, ತೊಂಬತ್ತು ಕಾಗದಕ್ಕೆ ಅಂದರೆ ಇದು ಯಾವ ಸೀಮೆ ಲೆಕ್ಕ?’ ಎಂದರು.

ಲೆಕ್ಕದಲ್ಲಿ ಅವರದೇ ಸರಿ. ಆದರೆ ಅವರು ಎಣಿಕೆಗೆ ತೆಗೆದುಕೊಳ್ಳದ ಒಂದು ಬಾಬ್ತು ಇದೆ. ಗುಟ್ಟಾಗಿ ಕೊಟ್ಟ ನೂರು ರೂಪಾಯಿ ಕೊಟ್ಟವನಲ್ಲೇ ಮುಗಿಯುತ್ತದೆ. ಕಾರ್ಡು ಮತ್ತೊಬ್ಬರ ಮನೆಗೆ ಹೋಗುತ್ತದೆ. ನಾನು ಯಾರನ್ನು ನೆನೆದೆನೋ ಅವರನ್ನು ನೀವೂ ನೆನೆಯಿರಿ ಎಂದು ಬಾಯಿಬಿಟ್ಟು ಕೇಳದೆ ಕೇಳುತ್ತದೆ. ದಾನಕ್ಕಿಂತ ಕಾರ್ಡಿಗೆ ಏನಾದರೂ ಹೆಚ್ಚುಗಾರಿಕೆಯಿದ್ದರೆ ಅದು ಇಷ್ಟೆ. ಆದರೆ ಆ ನೆನಪನ್ನು ಹೊತ್ತೊಯ್ಯಬೇಕಾದದ್ದು ಕಾರ್ಡಿನ ಮುಖ. ಬೆನ್ನನ್ನು ಓದುವವರು ನೂರಕ್ಕೊಬ್ಬರು. ಮುಖದಲ್ಲಿ ಹಕ್ಕಿ ಮಾತ್ರವಿದ್ದರೆ ಪಡೆದವರು ಹಕ್ಕಿಯನ್ನು ನೆನೆಯುತ್ತಾರೆ, ತೋಟಗಾರನನ್ನಲ್ಲ. ಆಗ ನನ್ನ ಸ್ನೇಹಿತರ ಲೆಕ್ಕವೇ ಗೆಲ್ಲುತ್ತದೆ. ತೊಂಬತ್ತು ರೂಪಾಯಿ ನಿಜವಾಗಿ ಕಾಗದಕ್ಕೇ ಹೋಯಿತು. ಚಿತ್ರದ ಗುಣ ಇಲ್ಲಿ ಬರಿಯ ಸೊಗಸಿನ ಪ್ರಶ್ನೆಯಲ್ಲ, ಹಣದ ಪ್ರಾಮಾಣಿಕತೆಯ ಪ್ರಶ್ನೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು ಇದೊಂದೇ.

ಇನ್ನು ನಮ್ಮ ಸೀಮೆಗೆ ಬರೋಣ. ತುಮಕೂರು, ಗುಬ್ಬಿ, ಕುಣಿಗಲ್ಲುಗಳಲ್ಲಿ ತೋಟವೆಂದರೆ ಹೂವಿನ ಮಡಿಯಲ್ಲ, ಹುಲ್ಲುಹಾಸಲ್ಲ. ತೋಟವೆಂದರೆ ತೆಂಗು, ಅಡಕೆ, ತೋಟವೆಂದರೆ ಅನ್ನ. ‘ಅವರಿಗೇನು, ತೋಟವಿದೆ’ ಎಂದರೆ ಅವರ ಮನೆಯಲ್ಲಿ ಮದುವೆಗೆ ಹಣವಿದೆ ಎಂದರ್ಥ. ಆದ್ದರಿಂದ ನೆಲ ಅಗೆಯುವವನೊಬ್ಬ, ತೋಟ ಇನ್ನೊಬ್ಬನದು ಎಂಬ ಸತ್ಯ ನಮಗೆ ಹೊಸದಲ್ಲ. ಪ್ರತಿ ಊರಿನಲ್ಲೂ ಆಳುಗಳ ಕೇರಿ ಇದೆ. ಬೇರೆಯವರ ತೋಟಕ್ಕೆ ನೀರು ಕಟ್ಟಿ ಮುಪ್ಪಾದವರು ಇದ್ದಾರೆ.

ನಮ್ಮಲ್ಲಿ ಗಿಡ ನೆಟ್ಟವರ ಹೆಸರು ಕೇಳಿದರೆ ಎಲ್ಲರೂ ಹೇಳುವುದು ಸಾಲುಮರದ ತಿಮ್ಮಕ್ಕನವರ ಹೆಸರು. ಆಕೆ ಗುಬ್ಬಿ ತಾಲ್ಲೂಕಿನ ಮಗಳು. ಕುಣಿಗಲ್ಲಿಗೆ ನೆರೆಯ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಚಿಕ್ಕಯ್ಯನವರಿಗೆ ಕೊಟ್ಟು ಮದುವೆಯಾಯಿತು. ಕೂಲಿಯ ಸಂಸಾರ, ಮಕ್ಕಳಾಗಲಿಲ್ಲ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ಹಾದಿಯ ಪಕ್ಕದಲ್ಲಿ ಗಂಡಹೆಂಡಿರು ಆಲದ ಸಸಿ ನೆಡತೊಡಗಿದರು: ಮೊದಲ ವರ್ಷ ೧೦, ಮರುವರ್ಷ ೧೫, ಅದರ ಮುಂದಿನ ವರ್ಷ ೨೦. ಮಳೆಗಾಲದಲ್ಲಿ ನೆಟ್ಟು, ಬೇಸಗೆಯಲ್ಲಿ ಬಿಂದಿಗೆಯಲ್ಲಿ ನೀರು ಹೊತ್ತು, ದನ ಮೇಯದಂತೆ ಸುತ್ತ ಮುಳ್ಳು ಕಟ್ಟಿ ಕಾಪಾಡಿದರು. ಹೀಗೆ ನಾಲ್ಕು ಕಿಲೋಮೀಟರಿಗೂ ಮೀರಿದ ದಾರಿಯಲ್ಲಿ ೩೮೫ ಮರಗಳಾದವು. ಚಿಕ್ಕಯ್ಯನವರು ೧೯೯೧ರಲ್ಲಿ ತೀರಿಕೊಂಡರು. ಪ್ರಶಸ್ತಿ ಸನ್ಮಾನಗಳು ಬಂದದ್ದು ಆಮೇಲೆ. ೨೦೧೯ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂತು.

ಈಗ ನನ್ನ ಅಳತೆಗೋಲನ್ನು ನಾವು ಮನೆಮನೆಗಳಲ್ಲಿ, ಶಾಲೆಯ ಗೋಡೆಗಳಲ್ಲಿ, ಕ್ಯಾಲೆಂಡರುಗಳಲ್ಲಿ ಕಂಡ ತಿಮ್ಮಕ್ಕನವರ ಚಿತ್ರಕ್ಕೆ ಹಿಡಿದು ನೋಡೋಣ. ಶಾಲು ಹೊದ್ದ ಮುದುಕಿ, ಕೈಯಲ್ಲಿ ಪ್ರಶಸ್ತಿಫಲಕ, ಹಿಂದೆ ಬೆಳೆದು ನಿಂತ ಆಲ. ಚಿತ್ರ ಸುಳ್ಳಲ್ಲ. ಆದರೆ ಹೇಳಬೇಕಾದದ್ದು ಅದರಲ್ಲಿಲ್ಲ. ಬಿಂದಿಗೆ ಇಲ್ಲ. ಮುಳ್ಳಿನ ಬೇಲಿ ಇಲ್ಲ. ಮೊಣಕಾಲೆತ್ತರದ ಸಸಿ ಇಲ್ಲ. ಚಿಕ್ಕಯ್ಯ ಇಲ್ಲ. ರಾಬಿನ್ ಹಕ್ಕಿ ಸಲಿಕೆಯ ಹಿಡಿಯ ಮೇಲೆ ಕುಳಿತು ಮಾಡಿದ ಕೆಲಸವನ್ನು ಇಲ್ಲಿ ಬೆಳೆದ ಮರವೇ ಮಾಡಿದೆ. ಬೆಳೆಸಿದ ಶ್ರಮವನ್ನು ತನ್ನ ನೆರಳಿನಲ್ಲಿ ಅಡಗಿಸಿದೆ. ಆ ಚಿತ್ರ ನೋಡಿದ ಮಗು ಮರ ನೆಡಬೇಕೆಂದು ಕಲಿಯುತ್ತದೆ, ನಿಜ. ನೆಟ್ಟಮೇಲೆ ಮೂರು ಬೇಸಗೆ ನೀರು ಹೊರಬೇಕೆಂದು ಕಲಿಯುವುದಿಲ್ಲ. ಜೂನ್ ತಿಂಗಳಲ್ಲಿ ಛಾಯಾಚಿತ್ರಕ್ಕಾಗಿ ನೆಟ್ಟು ಏಪ್ರಿಲಿನಲ್ಲಿ ಒಣಗಿದ ಸಸಿಗಳನ್ನು ಯಾವ ಊರಿನ ಹೊರವಲಯದಲ್ಲಾದರೂ ಕಾಣಬಹುದು.

ಚಿತ್ರದ ಕೊರತೆಗೆ ಬೆಲೆ ತೆರುವ ಸಂದರ್ಭವೂ ಒದಗಿತ್ತು. ೨೦೧೯ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲಿಸುವ ಯೋಜನೆಯಿಂದ ಅದೇ ಸಾಲುಮರಗಳಿಗೆ ಕೊಡಲಿಯ ಭಯ ಬಂತು. ಮರಗಳನ್ನು ಉಳಿಸಿರೆಂದು ತಿಮ್ಮಕ್ಕನವರೇ ಸರ್ಕಾರವನ್ನು ಕೇಳಿಕೊಳ್ಳಬೇಕಾಯಿತು. ಬೇರೆ ದಾರಿ ಹುಡುಕುವ ಮಾತಾಯಿತು. ಪದ್ಮಶ್ರೀಯ ವರ್ಷವೂ ಕೊಡಲಿಯ ಭಯದ ವರ್ಷವೂ ಒಂದೇ. ಕಾರ್ಡಿನ ಮುಖಕ್ಕೂ ಬೆನ್ನಿಗೂ ಇಷ್ಟು ದೂರವಾದ ಉದಾಹರಣೆ ಇಂಗ್ಲೆಂಡಿನಲ್ಲೂ ನನಗೆ ದೊರೆತಿಲ್ಲ.

೨೦೨೫ರ ನವೆಂಬರ್ ೧೪ರಂದು, ೧೧೪ರ ವಯಸ್ಸಿನಲ್ಲಿ, ತಿಮ್ಮಕ್ಕನವರು ಕಣ್ಮುಚ್ಚಿದರು. ಆ ದಿನ ಎಲ್ಲರ ಫೋನುಗಳ ತುಂಬ ಆಲದ ಮರದ ಚಿತ್ರಗಳು. ಕೆಳಗೆ ನಮನದ ಸಾಲುಗಳು. ನನ್ನ ಫೋನಿಗೂ ಬಂದವು. ಆ ಭಕ್ತಿಯನ್ನು ನಾನು ಹಳಿಯುವುದಿಲ್ಲ. ಹಲವರು ನಿಜವಾಗಿ ನೊಂದಿದ್ದರು. ಆದರೆ ವಿಮರ್ಶಕನಾಗಿ ಒಂದು ಮಾತು ಹೇಳಲೇಬೇಕು. ಆ ಚಿತ್ರಗಳಿಗೆ ಮುಖ ಮಾತ್ರವಿತ್ತು, ಬೆನ್ನೇ ಇರಲಿಲ್ಲ. ಕಳುಹಿಸಿದವರಿಗೆ ಕಾಸು ಖರ್ಚಿಲ್ಲ. ಯಾವ ಸಸಿಗೂ ಒಂದು ಬಿಂದಿಗೆ ನೀರು ದಕ್ಕಲಿಲ್ಲ. ತುಮಕೂರಿನ ಎಂ. ಜಿ. ರಸ್ತೆಯ ಅಂಗಡಿಗಳ ಮುಂದೆ ಡಿಸೆಂಬರ್ ಬಂತೆಂದರೆ ದಾರಕ್ಕೆ ಕಾರ್ಡುಗಳನ್ನು ನೇತುಹಾಕುತ್ತಿದ್ದ ಕಾಲವಿತ್ತು. ಕ್ರಿಸ್‌ಮಸ್ಸಿಗೆ ಆರಂಭವಾಗಿ, ಹೊಸ ವರ್ಷ ಕಳೆದು, ಎಳ್ಳುಬೆಲ್ಲ ಕಬ್ಬಿನ ಚಿತ್ರವಿದ್ದ ಸಂಕ್ರಾಂತಿಯ ಕಾರ್ಡುಗಳೊಡನೆ ಅದು ಮುಗಿಯುತ್ತಿತ್ತು. ಆ ಕಾರ್ಡಿಗೆ ಕನಿಷ್ಠ ಬೆಲೆಯಿತ್ತು, ಅಂಚೆಚೀಟಿಯಿತ್ತು, ಕೈಬರಹವಿತ್ತು. ಕಳುಹಿಸುವವನು ಹೆಸರುಗಳ ಪಟ್ಟಿ ಬರೆದುಕೊಂಡು ಯಾರಿಗೆ, ಯಾವುದು ಎಂದು ಯೋಚಿಸಬೇಕಾಗಿತ್ತು. ಅದು ಹೋದದ್ದಕ್ಕೆ ಅಳುವುದು ಬೇಡ. ಅದರಲ್ಲಿ ಉಳಿಸಿಕೊಳ್ಳತಕ್ಕದ್ದು ಏನೆಂದು ನೋಡಬೇಕು.

ಈಚೆಗೆ ಬೀಜ ಬೆರೆಸಿದ ಕಾಗದದ ಕಾರ್ಡುಗಳೂ ಬಂದಿವೆ. ಓದಿ ಮುಗಿದಮೇಲೆ ಕುಂಡದಲ್ಲಿ ಹೂತರೆ ಮೊಳೆಯುತ್ತದೆ ಎನ್ನುತ್ತಾರೆ. ಯೋಚನೆ ಚೆನ್ನಾಗಿದೆ. ಕಾಗದಕ್ಕಾಗಿ ಮರ ಕಡಿಯುವುದೇಕೆ ಎಂಬ ಆಕ್ಷೇಪಣೆಗೆ ಅದರಲ್ಲಿ ಒಂದು ಉತ್ತರವೂ ಇದೆ. ಆದರೆ ಬೀಜ ತನಗೆ ತಾನೇ ನೀರು ಹಾಕಿಕೊಳ್ಳುವುದಿಲ್ಲ. ನೀರೆರೆಯುವವನನ್ನು ಮರೆತ ಕಾರ್ಡು ಬೀಜ ಹೊತ್ತಿದ್ದರೂ ರಾಬಿನ್ ಕಾರ್ಡಿನ ತಮ್ಮನೇ.

ತೋಟಗಾರಿಕೆಯ ಧರ್ಮಕಾರ್ಯ ನಮ್ಮ ರಾಜ್ಯದಲ್ಲಿ ಇಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ಪೋಲಿಯೊದಿಂದ ನಡೆದಾಡುವ ಶಕ್ತಿ ಕಳೆದುಕೊಂಡ ಎನ್. ಎಸ್. ಹೇಮಾ ಅವರು ೧೯೫೯ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ’ ವಿಕಲಚೇತನರಿಗೆ ತೋಟಗಾರಿಕೆಯ ತರಬೇತಿ ಕೊಟ್ಟು, ಜೀವನಬಿಮಾ ನಗರದಲ್ಲಿ ಸಸ್ಯಪಾಲನೆಯ ನರ್ಸರಿಯನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಒಂದು ಕುಂಡ ಕೊಂಡವರು ಆ ಗಿಡ ಬೆಳೆಸಿದ ಕೈಯನ್ನು ಎದುರಿಗೇ ನೋಡಬಹುದು. ಗಿಡವೇ ಮುಖ, ಬೆಳೆಸಿದವರೇ ಬೆನ್ನು. ನಡುವೆ ಸಣ್ಣ ಅಕ್ಷರವಿಲ್ಲ. ಒಳ್ಳೆಯ ಕಾರ್ಡು ಮಾಡಬೇಕಾದದ್ದನ್ನು ಅಲ್ಲಿನ ಕುಂಡವೊಂದು ಮಾಡುತ್ತಿದೆ.

ಇಷ್ಟಾದಮೇಲೆ, ನಮ್ಮ ಮೂರು ಊರುಗಳಿಗೆ ಒಪ್ಪುವ ಕಾರ್ಡು ಹೇಗಿರಬೇಕೆಂದು ಕೇಳಿದರೆ ಹೇಳುವುದು ಕಷ್ಟವಲ್ಲ. ಹಿಮ ಬೇಡ, ನಮ್ಮಲ್ಲಿ ಬೀಳುವುದಿಲ್ಲ. ಹಾಲಿ ಎಲೆಯೂ ಬೇಡ. ತುಮಕೂರಿಗೆ ಆ ಹೆಸರು ಬಂದದ್ದು ತುಂಬೆಯ ಗಿಡದಿಂದ ಎಂದು ಹೇಳುವವರಿದ್ದಾರೆ. ಅಂಚಿಗೆ ಹೂವೇ ಬೇಕಾದರೆ ಆ ಪುಟ್ಟ ಬಿಳಿಯ ಹೂವು ಸಾಕು. ನಡುವೆ ಮೊಣಕಾಲೆತ್ತರದ ಒಂದು ಸಸಿ. ಸುತ್ತ ಕಟ್ಟಿದ ಮುಳ್ಳು. ಬಿಂದಿಗೆ ಬಗ್ಗಿಸುತ್ತಿರುವ ಕೈ. ಮುಖ ಕಾಣದಿದ್ದರೂ ಚಿಂತೆಯಿಲ್ಲ, ಕೈ ಕಾಣಬೇಕು. ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ, ಇಷ್ಟು ರೂಪಾಯಿಯಲ್ಲಿ ಇಷ್ಟು, ಇಂಥ ರಸ್ತೆಯ ಇಷ್ಟು ಸಸಿಗೆ ನೀರು ಹಾಕುವ ಇಂಥ ಕೆಲಸದವರಿಗೆ, ಮೂರು ಬೇಸಗೆಯವರೆಗೆ ಎಂದಿರಬೇಕು. ಅದನ್ನು ಕ್ರಿಸ್‌ಮಸ್ಸಿಗೆ ಚರ್ಚಿಗೆ ಹೋಗುವವರೂ ಕಳುಹಿಸಬಹುದು, ಸಂಕ್ರಾಂತಿಗೆ ಎಳ್ಳು ಬೀರುವವರೂ ಕಳುಹಿಸಬಹುದು. ಅಶೋಕ ದಾರಿಗಳ ಪಕ್ಕದಲ್ಲಿ ಆಲ ನೆಡಿಸಿದೆನೆಂದು ಕಂಬದ ಮೇಲೆ ಕೆತ್ತಿಸಿದ. ಅವುಗಳಿಗೆ ನೀರು ಹೊತ್ತವರ ಹೆಸರು ಕಲ್ಲಿನ ಮೇಲಿಲ್ಲ. ಕಾಗದದ ಮೇಲಾದರೂ ಅವರಿಗೆ ಜಾಗ ಕೊಡಬಹುದು.

ಅಂಥ ಕಾರ್ಡು ಬರುವವರೆಗೆ ವಾಚಕರಲ್ಲಿ ನನ್ನ ಬಿನ್ನಹ ಸಣ್ಣದು. ಸಹಾಯಾರ್ಥವೆಂದು ಮಾರುವ ಕಾರ್ಡು ಕೈಗೆ ಬಂದಾಗ ಮೊದಲು ಬೆನ್ನು ಓದಿ. ಹಣ ಎಷ್ಟು, ಯಾರಿಗೆ ಎಂದು ಸ್ಪಷ್ಟವಾಗಿಲ್ಲದಿದ್ದರೆ ಅಂಗಡಿಯವರನ್ನು ಸಂಕೋಚವಿಲ್ಲದೆ ಕೇಳಿ. ಅವರಿಗೂ ತಿಳಿಯದಿದ್ದರೆ ಕೆಳಗಿಟ್ಟುಬಿಡಿ. ಆಮೇಲೆ ತಿರುವಿ ಮುಖ ನೋಡಿ. ನೆರವು ಪಡೆಯುವವರು ಅಲ್ಲಿದ್ದಾರೆಯೆ? ಇದ್ದರೆ ಒಂದರ ಬದಲು ನಾಲ್ಕು ಕೊಳ್ಳಿ, ನಾಲ್ಕು ಮನೆಗೆ ಕಳುಹಿಸಿ. ಇಲ್ಲದಿದ್ದರೆ ಗುಬ್ಬಿಯ ನನ್ನ ಸ್ನೇಹಿತರ ಲೆಕ್ಕದಂತೆ ನೂರು ರೂಪಾಯಿಯನ್ನೂ ನೇರವಾಗಿ ಕೊಟ್ಟುಬಿಡಿ.